ಲೋಡ್ ಸೆಲ್ ಎಷ್ಟು ಅಲುಗಾಡುತ್ತದೆ? ಆರ್ಡುಯಿನೊ ಮೇಲೆ ಸರಾಸರಿ, ಮಾನಕ ವಿಚಲನೆ ಲೆಕ್ಕ ಹಾಕಿದ ಕೆಲಸದ ದಾಖಲೆ

ಲೋಡ್ ಸೆಲ್ (ತೂಕ ಅಳೆಯುವ ಸೆನ್ಸರ್) ಮೇಲೆ ತೂಕ ಇಟ್ಟರೆ ಬರುವ ಅಂಕಿ ಒಂದೇ ಕಡೆ ನಿಲ್ಲುವುದಿಲ್ಲ. ಕೊನೆಯ ಎರಡು ಅಂಕೆಗಳು ಕುಣಿಯುತ್ತಲೇ ಇರುತ್ತವೆ. ಆ ಕುಣಿತ ಎಷ್ಟೆಂದು ಒಂದೇ ಸಂಖ್ಯೆಯಲ್ಲಿ ತಿಳಿಯಬೇಕಿತ್ತು, ಅದನ್ನೂ ಕಂಪ್ಯೂಟರಿಗೆ ಕಳಿಸದೆ ಆರ್ಡುಯಿನೊ ಎಂಬ ಪುಟ್ಟ ಪ್ರೊಸೆಸರ್ ಬೋರ್ಡೇ ಹೇಳಬೇಕಿತ್ತು. ನೂರು ರೀಡಿಂಗ್ ತೆಗೆದುಕೊಂಡು ಸರಾಸರಿ ಮತ್ತು ಮಾನಕ ವಿಚಲನೆ ತೋರಿಸಿದರೆ ಸಾಕು. ಮಾನಕ ವಿಚಲನೆ ಎಂದರೆ ರೀಡಿಂಗ್‌ಗಳು ಸರಾಸರಿಯಿಂದ ಎಷ್ಟು ದೂರ ಹರಡಿವೆ ಎಂಬ ಅಳತೆ; ಅದನ್ನು ಮುಂದೆಲ್ಲ ಎಸ್‌ಡಿ ಎಂದೇ ಬರೆಯುತ್ತೇನೆ.

ಸೂತ್ರ ಶಾಲೆಯಲ್ಲಿ ಕಲಿತದ್ದೇ. ಅದನ್ನು 4 ಬೈಟಿನ ಫ್ಲೋಟ್ (ದಶಮಾಂಶ ಹಿಡಿಯುವ) ಸಂಖ್ಯೆಗಳಲ್ಲಿ ಲೆಕ್ಕ ಹಾಕುವಾಗ ಆಗುವ ಎಡವಟ್ಟುಗಳಲ್ಲಿ ಈ ಕೆಲಸದ ಬಹುಪಾಲು ಸಮಯ ಹೋಯಿತು.

ಸಾಮಾನು: ಆರ್ಡುಯಿನೊ ಊನೊ, ಎಚ್‌ಎಕ್ಸ್711 ಮಾಡ್ಯೂಲ್ (ಲೋಡ್ ಸೆಲ್ಲಿನ ಸಂಕೇತವನ್ನು ಅಂಕಿ ಮಾಡುವ ಚಿಪ್), 5 ಕಿಲೋ ಲೋಡ್ ಸೆಲ್, 500 ಗ್ರಾಂ ತೂಕದ ಕಲ್ಲು, ಕ್ಯಾಲ್ಕುಲೇಟರ್, ಸ್ಪ್ರೆಡ್‌ಶೀಟ್. ಎಚ್‌ಎಕ್ಸ್711 ಕೊಡುವುದು 24 ಬಿಟ್‌ನ ಅಂಕಿ, ಅಂದರೆ −8388608ರಿಂದ 8388607ರವರೆಗೆ. ನನ್ನ ಜೋಡಣೆಯಲ್ಲಿ ತಟ್ಟೆ ಖಾಲಿ ಇದ್ದಾಗ ಸುಮಾರು 1,96,000, ಕಲ್ಲು ಇಟ್ಟಾಗ ಸುಮಾರು 4,12,000 ಬರುತ್ತದೆ. ವ್ಯತ್ಯಾಸ 2,16,000. ಅದನ್ನು 500ರಿಂದ ಭಾಗಿಸಿದರೆ ಒಂದು ಗ್ರಾಂಗೆ 432 ಕೌಂಟ್ (ಈ ಅಂಕಿಯ ಒಂದು ಹೆಜ್ಜೆಯೇ ಒಂದು ಕೌಂಟ್).

ಹಂತ 1: ಉತ್ತರ ಗೊತ್ತಿರುವ ಎಂಟು ಅಂಕಿ

ಸೆನ್ಸರ್ ಮುಟ್ಟುವ ಮುಂಚೆ ಕಾಗದದ ಮೇಲೆ ಲೆಕ್ಕ ಹಾಕಿಟ್ಟ ಒಂದು ಪಟ್ಟಿ ಬೇಕು. ಇಲ್ಲದಿದ್ದರೆ ಬೋರ್ಡ್ ಹೇಳಿದ್ದು ಸರಿಯೋ ತಪ್ಪೋ ತಿಳಿಯುವ ದಾರಿಯೇ ಇರುವುದಿಲ್ಲ. ನಾನು ಇಟ್ಟುಕೊಂಡ ಪಟ್ಟಿ:

502, 498, 501, 499, 503, 500, 497, 500

ಮೊತ್ತ 4000, ಸರಾಸರಿ 500. ಪ್ರತಿ ಅಂಕಿಯಿಂದ 500 ಕಳೆದರೆ ಬರುವ ವಿಚಲನೆಗಳು 2, −2, 1, −1, 3, 0, −3, 0. ಇವುಗಳ ವರ್ಗ 4, 4, 1, 1, 9, 0, 9, 0. ವರ್ಗಗಳ ಮೊತ್ತ 28. ವಿಚಲನೆಗಳನ್ನು ವರ್ಗ ಮಾಡದೆ ಹಾಗೇ ಕೂಡಿದರೆ ಸೊನ್ನೆ ಬರಬೇಕು. ಬರದಿದ್ದರೆ ಸರಾಸರಿಯೇ ತಪ್ಪಿದೆ. ಕೈಲೆಕ್ಕ ಮಾಡುವಾಗ ಈ ಪರೀಕ್ಷೆ ಬಿಡಬೇಡಿ, ಅರ್ಧ ನಿಮಿಷವೂ ಹಿಡಿಯುವುದಿಲ್ಲ.

ಹಂತ 2: 8ರಿಂದ ಭಾಗಿಸಬೇಕೋ, 7ರಿಂದಲೋ

28ನ್ನು 8ರಿಂದ ಭಾಗಿಸಿದರೆ 3.5, ವರ್ಗಮೂಲ 1.87. 7ರಿಂದ ಭಾಗಿಸಿದರೆ 4, ವರ್ಗಮೂಲ 2. ಸ್ಪ್ರೆಡ್‌ಶೀಟಿನಲ್ಲಿ ಎರಡಕ್ಕೂ ಬೇರೆ ಬೇರೆ ಫಂಕ್ಷನ್ ಇದೆ: ಎಸ್‌ಟಿಡೆವ್ ಡಾಟ್ ಪಿ 1.87 ಕೊಡುತ್ತದೆ, ಎಸ್‌ಟಿಡೆವ್ ಡಾಟ್ ಎಸ್ 2 ಕೊಡುತ್ತದೆ. ಸೈಂಟಿಫಿಕ್ ಕ್ಯಾಲ್ಕುಲೇಟರುಗಳಲ್ಲೂ ಎರಡು ಆಯ್ಕೆ ಇರುತ್ತವೆ. ಸಿಗ್ಮಾದ ಪಕ್ಕ ಸಣ್ಣದಾಗಿ ಎನ್ (ಅಂಕಿಗಳ ಎಣಿಕೆ) ಅಂತಲೋ ಎನ್−1 ಅಂತಲೋ ಬರೆದಿರುತ್ತದೆ, ಅಥವಾ ಒಂದಕ್ಕೆ ಸಿಗ್ಮಾ, ಇನ್ನೊಂದಕ್ಕೆ ಎಸ್.

ನನಗೆ ಬೇಕಾದದ್ದು 7ರ ಲೆಕ್ಕ. ಸೆನ್ಸರ್ ಕೊಡಬಹುದಾದ ಎಲ್ಲ ರೀಡಿಂಗ್ ನನ್ನ ಕೈಯಲ್ಲಿಲ್ಲ, ಎಂಟು ಸ್ಯಾಂಪಲ್ ಮಾತ್ರ ಇವೆ. ಸರಾಸರಿಯನ್ನೂ ಇದೇ ಎಂಟರಿಂದ ತೆಗೆದದ್ದು, ಹಾಗಾಗಿ ವಿಚಲನೆಗಳು ನಿಜಕ್ಕಿಂತ ಸ್ವಲ್ಪ ಚಿಕ್ಕದಾಗಿ ಕಾಣುತ್ತವೆ. ನೂರು ರೀಡಿಂಗ್ ಬಂದಾಗ 99ರಿಂದ ಭಾಗಿಸಿದ ಎಸ್‌ಡಿಗೂ 100ರಿಂದ ಭಾಗಿಸಿದ್ದಕ್ಕೂ ಇರುವ ವ್ಯತ್ಯಾಸ ಅರ್ಧ ಶೇಕಡಾ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಒಂದು ಕಡೆ 8, ಇನ್ನೊಂದು ಕಡೆ 7 ಬಳಸಿ ಉತ್ತರ ಹೊಂದುತ್ತಿಲ್ಲ ಎಂದು ಕೋಡ್ ಕೆದಕುತ್ತ ಕೂತರೆ ದಿನ ಹೋಗುತ್ತದೆ. ಆದ್ದರಿಂದ ಎಲ್ಲ ಕಡೆಯೂ ಎನ್−1 ಎಂದು ಇಲ್ಲೇ ನಿಗದಿ ಮಾಡಿದೆ.

ಹಂತ 3: ರೀಡಿಂಗ್‌ಗಳನ್ನೆಲ್ಲ ಅರೇಯಲ್ಲಿ ಇಡುವುದು

ಮೊದಲ ಕೋಡ್ ಕೈಲೆಕ್ಕದ ನಕಲು. ರೀಡಿಂಗ್‌ಗಳನ್ನು ಅರೇಗೆ (ಮೆಮೊರಿಯಲ್ಲಿ ಅಂಕಿಗಳ ಸಾಲು) ತುಂಬು, ಒಂದು ಸುತ್ತು ಹೋಗಿ ಸರಾಸರಿ ತೆಗೆ, ಇನ್ನೊಂದು ಸುತ್ತು ಹೋಗಿ ವಿಚಲನೆಗಳ ವರ್ಗ ಕೂಡು. ಪರೀಕ್ಷೆಯ ಪಟ್ಟಿಗೆ 500.00 ಮತ್ತು 2.00 ಬಂತು. ನೂರು ರೀಡಿಂಗ್‌ಗೆ ಬೇಕಾದದ್ದು 400 ಬೈಟ್, ಅದೂ ನಡೆಯಿತು. ಕಲ್ಲು ಇಟ್ಟಾಗ ಎಸ್‌ಡಿ 60 ಕೌಂಟ್ ಆಸುಪಾಸು, ಅಂದರೆ 60 ÷ 432, ಸುಮಾರು 0.14 ಗ್ರಾಂ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಿಮಿಷಗಟ್ಟಲೆ ಓಡಿಸಿ ನೋಡುವ ಆಸೆ. ಊನೊದ ರ‍್ಯಾಮ್ ಇರುವುದೇ 2048 ಬೈಟ್. 500 ರೀಡಿಂಗ್‌ಗೆ ಜಾಗ ಕೇಳಿದರೆ ಅರೇಯೇ 2000 ಬೈಟ್ ನುಂಗುತ್ತದೆ, ಸ್ಟ್ಯಾಕ್‌ಗೆ (ಕೋಡ್ ಓಡುವಾಗ ಬೇಕಾಗುವ ತಾತ್ಕಾಲಿಕ ಮೆಮೊರಿ) ಜಾಗವಿಲ್ಲದೆ ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಕಂಪೈಲ್ ಮಾಡುವಾಗ ಮೆಮೊರಿ ಕಡಿಮೆ ಇದೆ ಎಂಬ ಎಚ್ಚರಿಕೆ ಬರುತ್ತದೆ. ಅದು ಸುಮ್ಮನೆ ಬರುವುದಲ್ಲ.

ಹಂತ 4: ಮೊತ್ತ ಮತ್ತು ವರ್ಗಗಳ ಮೊತ್ತ

ಪುಸ್ತಕಗಳಲ್ಲಿ ಇರುವ ಸುಲಭ ದಾರಿ ಇದು. ರೀಡಿಂಗ್ ಬಂದ ಹಾಗೆ ಅದನ್ನು ಒಂದು ಮೊತ್ತಕ್ಕೆ, ಅದರ ವರ್ಗವನ್ನು ಇನ್ನೊಂದು ಮೊತ್ತಕ್ಕೆ ಸೇರಿಸುತ್ತಾ ಹೋಗು. ಕೊನೆಗೆ ವರ್ಗಗಳ ಮೊತ್ತದಿಂದ, ಮೊತ್ತದ ವರ್ಗವನ್ನು ಎನ್‌ನಿಂದ ಭಾಗಿಸಿ ಕಳೆ. ಉಳಿದದ್ದೇ ವಿಚಲನೆಗಳ ವರ್ಗದ ಮೊತ್ತ. ಅರೇ ಬೇಡ, ರೀಡಿಂಗ್ ಎಷ್ಟಾದರೂ ಬರಲಿ.

ಪರೀಕ್ಷೆಯ ಪಟ್ಟಿಗೆ ಸರಿಯಾಗಿ 2.00 ಬಂತು. ನಿಜವಾದ ರೀಡಿಂಗ್ ಹಾಕಿದರೆ ಸೀರಿಯಲ್ ಮಾನಿಟರಿನಲ್ಲಿ (ಬೋರ್ಡ್ ಹೇಳಿದ್ದನ್ನು ತೋರಿಸುವ ಕಿಟಕಿ) ಹೀಗೆ:

102.92
ನ್ಯಾನ್
205.83
0.00
ನ್ಯಾನ್
102.92
178.26

ನ್ಯಾನ್ ಅಂದರೆ ಸಂಖ್ಯೆಯೇ ಅಲ್ಲ ಎಂದು ಬೋರ್ಡ್ ಹೇಳುವ ರೀತಿ. ಋಣ ಸಂಖ್ಯೆಯ ವರ್ಗಮೂಲ ಕೇಳಿದರೆ ಅದೇ ಉತ್ತರ. ವರ್ಗಗಳನ್ನು ಕೂಡಿದ ಮೇಲೆ ಋಣ ಬರುವುದು ಹೇಗೆ? ಮೊದಲು ವೈರ್ ಸಡಿಲವೆಂದು ಬೆಸುಗೆ ಮತ್ತೆ ಹಾಕಿದೆ. ಮಾಡ್ಯೂಲ್ ಬದಲಿಸಿದೆ. ಕೇಬಲ್ ಗಿಡ್ಡ ಮಾಡಿದೆ. ಯಾವುದೂ ಪ್ರಯೋಜನವಾಗಲಿಲ್ಲ.

ಸುಳಿವು ಇದ್ದದ್ದು 102.92ರಲ್ಲಿ. ಬರೀ ನಾಯ್ಸ್ (ಸೆನ್ಸರಿನ ಕುಣಿತ) ಆಗಿದ್ದರೆ ಪ್ರತಿ ಸಲವೂ ಬೇರೆ ಅಂಕಿ ಬರಬೇಕು. ಇಲ್ಲಿ ದಶಮಾಂಶದ ಎರಡು ಸ್ಥಾನ ಸಮೇತ ಅದೇ ಅಂಕಿ ಮತ್ತೆ ಮತ್ತೆ ಬರುತ್ತಿದೆ. 205.83 ಅದರ ಎರಡರಷ್ಟು. 102.92ರ ವರ್ಗವನ್ನು 99ರಿಂದ ಗುಣಿಸಿದರೆ ಸುಮಾರು 10,48,600. ಈ ಅಂಕಿ ನೋಡಿದ್ದೇ ಗೊತ್ತಾಯಿತು: 2ರ 20ನೇ ಘಾತ 10,48,576.

ಊನೊದಲ್ಲಿ ಫ್ಲೋಟ್ ಎಂದರೆ 4 ಬೈಟ್, ಅದರಲ್ಲಿ ಅಂಕಿಗೆ ಸಿಗುವುದು 24 ಬಿಟ್ ಮಾತ್ರ. ಡಬಲ್ (ದೊಡ್ಡ ಫ್ಲೋಟ್) ಎಂದು ಬರೆದರೂ ಈ ಬೋರ್ಡಿನಲ್ಲಿ ಅದೇ 4 ಬೈಟ್, ಆದ್ದರಿಂದ ಡಬಲ್ ಹಾಕಿ ಸರಿಮಾಡಿದೆ ಎಂದುಕೊಳ್ಳುವ ಹಾಗಿಲ್ಲ. 1,67,77,216 ದಾಟಿದ ಮೇಲೆ ಪೂರ್ಣಾಂಕಗಳನ್ನೂ ಒಂದೊಂದಾಗಿ ಹಿಡಿಯಲು ಅದಕ್ಕಾಗದು. 4,12,000ರ ವರ್ಗ 169,74,40,00,000. ಅಷ್ಟು ದೊಡ್ಡ ಅಂಕಿಯ ಹತ್ತಿರ ಫ್ಲೋಟ್ ಹಿಡಿಯಬಲ್ಲ ಎರಡು ಪಕ್ಕದ ಸಂಖ್ಯೆಗಳ ನಡುವೆ 16,384ರ ಅಂತರ. ನೂರು ವರ್ಗ ಕೂಡಿದ ಮೇಲೆ ಆ ಅಂತರ 10,48,576. ನಾನು ಹುಡುಕುತ್ತಿರುವ ವಿಚಲನೆಗಳ ವರ್ಗದ ಮೊತ್ತ 60 × 60 × 99, ಅಂದರೆ ಮೂರೂವರೆ ಲಕ್ಷದಷ್ಟು. ಅಳತೆಯ ಕೋಲಿನ ಒಂದು ಗೀಟಿಗಿಂತ ಅಳೆಯಬೇಕಾದ ವಸ್ತುವೇ ಚಿಕ್ಕದು. ಕೂಡುವಾಗ ಉಳಿದ ಹೆಚ್ಚುಕಮ್ಮಿಯೇ ಉತ್ತರವಾಗಿ ಹೊರಗೆ ಬರುತ್ತಿತ್ತು: ಸೊನ್ನೆ ಗೀಟು, ಒಂದು ಗೀಟು, ಮೂರು ಗೀಟು, ನಾಲ್ಕು ಗೀಟು, ಕೆಲವು ಸಲ ಹಿಂದಕ್ಕೆ ಒಂದು ಗೀಟು. ಹಿಂದಕ್ಕೆ ಹೋದಾಗ ನ್ಯಾನ್.

ಋಣ ಬಂದರೆ ಸೊನ್ನೆ ಮಾಡು ಎಂದು ಒಂದು ಸಾಲು ಸೇರಿಸಿರುವ ಕೋಡ್ ಅಲ್ಲಲ್ಲಿ ನೋಡಿದ್ದೇನೆ. ಅದು ನ್ಯಾನ್ ಅನ್ನು ಮುಚ್ಚಿಡುತ್ತದೆ, 102.92 ಹಾಗೇ ಉಳಿಯುತ್ತದೆ. ನ್ಯಾನ್ ಕಂಡರೆ ಕನಿಷ್ಠ ಅನುಮಾನವಾದರೂ ಬರುತ್ತದೆ.

ಹಂತ 5: ಗ್ರಾಂಗೆ ಬದಲಿಸಿ ನೋಡಿದ್ದು

ಅಂಕಿ ದೊಡ್ಡದಾದ್ದರಿಂದ ತೊಂದರೆ ಎಂದಾದರೆ ಚಿಕ್ಕದು ಮಾಡೋಣ ಎಂದು ಪ್ರತಿ ರೀಡಿಂಗ್‌ನಿಂದ ಖಾಲಿ ತಟ್ಟೆಯ ಕೌಂಟ್ ಕಳೆದು 432ರಿಂದ ಭಾಗಿಸಿ ಗ್ರಾಂ ಮಾಡಿದೆ. ಈಗ ಅಂಕಿ 500ರ ಆಸುಪಾಸು. ಬಂದ ಎಸ್‌ಡಿ: 0.14, 0.20, 0.00, ನ್ಯಾನ್, 0.14.

0.14 ಸರಿಯುತ್ತರವೇ. ಆದರೆ ಅದು ಕಾಕತಾಳೀಯ. 500ರ ವರ್ಗ 2,50,000, ನೂರರ ಮೊತ್ತ ಎರಡೂವರೆ ಕೋಟಿ. ಅಲ್ಲಿ ಫ್ಲೋಟಿನ ಗೀಟು 2. ನಿಜವಾದ ಮೊತ್ತ 1.9, ಹಾಗಾಗಿ ಒಂದು ಗೀಟು ಬಂದಾಗಲೆಲ್ಲ ಸರಿಯುತ್ತರದಂತೆ ಕಾಣುತ್ತದೆ. ಮಾನವನ್ನು ಬದಲಿಸಿದರೆ ಸರಾಸರಿಯೂ ಎಸ್‌ಡಿಯೂ ಒಟ್ಟಿಗೆ ಕುಗ್ಗುತ್ತವೆ, ಅವೆರಡರ ಅನುಪಾತ ಹಾಗೇ ಇರುತ್ತದೆ. ಕೆಡಿಸುತ್ತಿರುವುದು ಆ ಅನುಪಾತ.

ಇದೇ ಸೂತ್ರ ದೊಡ್ಡ ಕಂಪ್ಯೂಟರಿನಲ್ಲೂ ಕೆಡುತ್ತದೆ, ಸ್ವಲ್ಪ ತಡವಾಗಿ. ನನ್ನ ಎಂಟು ಅಂಕಿಗೆ ತಲಾ 100 ಕೋಟಿ ಸೇರಿಸಿ, ಸ್ಪ್ರೆಡ್‌ಶೀಟಿನಲ್ಲಿ ವರ್ಗಗಳ ಮೊತ್ತದ ಸೂತ್ರವನ್ನು ಕೈಯಾರೆ ಬರೆದು ನೋಡಿ. 2 ಬರುವುದಿಲ್ಲ. ಪಕ್ಕದ ಕೋಶದಲ್ಲಿ ಎಸ್‌ಟಿಡೆವ್ ಡಾಟ್ ಎಸ್ ಹಾಕಿದರೆ 2 ಬರುತ್ತದೆ, ಏಕೆಂದರೆ ಅದರೊಳಗಿನ ಲೆಕ್ಕದ ಕ್ರಮ ಬೇರೆ. ಎಕ್ಸೆಲ್‌ನಲ್ಲೂ 2003ರ ಆವೃತ್ತಿಗೆ ಮುಂಚೆ ಇದ್ದದ್ದು ಈ ವರ್ಗಗಳ ಮೊತ್ತದ ದಾರಿಯೇ, ಆಮೇಲೆ ಬದಲಾಯಿತು.

ಹಂತ 6: ಮೊದಲ ರೀಡಿಂಗ್ ಕಳೆಯುವುದು

ಎಲ್ಲ ಅಂಕಿಗಳಿಂದ ಒಂದೇ ಸಂಖ್ಯೆ ಕಳೆದರೆ ಎಸ್‌ಡಿ ಬದಲಾಗುವುದಿಲ್ಲ. ಹಾಗಾದರೆ ಮೊದಲ ರೀಡಿಂಗ್ ಅನ್ನೇ ಉಳಿದೆಲ್ಲದರಿಂದ ಕಳೆದರಾಯಿತು. 4,12,000 ಹೋಗಿ ಅಂಕಿಗಳು −150ರಿಂದ 150ರೊಳಗೆ ಬಂದವು. ಹಂತ 4ರ ಸೂತ್ರ ಹಾಗೇ ಇಟ್ಟು ಈ ಒಂದು ಸಾಲು ಸೇರಿಸಿದೆ, 60ರ ಆಸುಪಾಸಿನ ಎಸ್‌ಡಿ ಮರಳಿ ಬಂತು. ಕಳೆಯುವುದನ್ನು ಲಾಂಗ್ ಪೂರ್ಣಾಂಕದಲ್ಲಿ ಮಾಡಿ, ಆಮೇಲೆ ಫ್ಲೋಟ್ ಮಾಡಬೇಕು. ಇಂಟ್ (ಚಿಕ್ಕ ಪೂರ್ಣಾಂಕ) ಬೇಡ, ಊನೊದಲ್ಲಿ ಅದು 32767ಕ್ಕೇ ಮುಗಿಯುತ್ತದೆ.

64 ಬಿಟ್ ಪೂರ್ಣಾಂಕದಲ್ಲಿ ಮೊತ್ತಗಳನ್ನು ಇಟ್ಟರೂ ಸರಿಹೋಗುತ್ತದೆ. ಆದರೆ 8 ಬಿಟ್ ಪ್ರೊಸೆಸರಿಗೆ ಅದು ದೊಡ್ಡ ಹೊರೆ, ಅದೂ ಅಲ್ಲದೆ ನಾಳೆ ದಶಮಾಂಶ ಕೊಡುವ ಸೆನ್ಸರ್ ಹಾಕಿದರೆ ಕೋಡ್ ಮತ್ತೆ ಬರೆಯಬೇಕು.

ಕಳೆಯುವ ಉಪಾಯಕ್ಕೂ ಒಂದು ಮಿತಿ ಇದೆ. ಮೊದಲ ರೀಡಿಂಗ್ ಖಾಲಿ ತಟ್ಟೆಯದ್ದಾಗಿ, ಉಳಿದವು ಕಲ್ಲು ಇಟ್ಟ ಮೇಲಿನವಾದರೆ ಕಥೆ ಮತ್ತೆ ಮೊದಲಿನದೇ.

ಹಂತ 7: ವೆಲ್ಫರ್ಡ್ ಕ್ರಮ

ಬಿ. ಪಿ. ವೆಲ್ಫರ್ಡ್ 1962ರಲ್ಲಿ ಟೆಕ್ನೊಮೆಟ್ರಿಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಕ್ರಮ. ವರ್ಗಗಳ ದೊಡ್ಡ ಮೊತ್ತ ಎಲ್ಲೂ ಹುಟ್ಟುವುದೇ ಇಲ್ಲ. ಮೂರು ಸಂಖ್ಯೆ ನೆನಪಿಟ್ಟರೆ ಸಾಕು: ಎಣಿಕೆ, ಇಲ್ಲಿಯವರೆಗಿನ ಸರಾಸರಿ, ಇಲ್ಲಿಯವರೆಗಿನ ವಿಚಲನೆಗಳ ವರ್ಗದ ಮೊತ್ತ. ಒಟ್ಟು 12 ಬೈಟ್. ಹೊಸ ರೀಡಿಂಗ್ ಬಂದಾಗ:

ಎಣಿಕೆ = ಎಣಿಕೆ + 1
ದೂರ = ರೀಡಿಂಗ್ − ಸರಾಸರಿ
ಸರಾಸರಿ = ಸರಾಸರಿ + ದೂರ ÷ ಎಣಿಕೆ
ವರ್ಗಮೊತ್ತ = ವರ್ಗಮೊತ್ತ + ದೂರ × (ರೀಡಿಂಗ್ − ಸರಾಸರಿ)

ಕೊನೆಯ ಸಾಲಿನಲ್ಲಿ ಆವರಣದೊಳಗಿರುವುದು ಹೊಸ ಸರಾಸರಿ, ‘ದೂರ’ದಲ್ಲಿ ಬಳಸಿದ್ದು ಹಳೆಯದು. ಎರಡು ಕಡೆಯೂ ಒಂದನ್ನೇ ಬಳಸಿದರೆ ಉತ್ತರ ಸ್ವಲ್ಪವೇ ತಪ್ಪುತ್ತದೆ, ಮೇಲ್ನೋಟಕ್ಕೆ ಸರಿಯೆಂದೇ ಕಾಣುತ್ತದೆ. ಅದಕ್ಕೇ ಕಾಗದದ ಮೇಲೆ ನಡೆಸಿ ನೋಡಿದೆ. 502 ಬಂದಾಗ ಸರಾಸರಿ 502, ವರ್ಗಮೊತ್ತ 0. 498 ಬಂದಾಗ ದೂರ −4, ಹೊಸ ಸರಾಸರಿ 500, ವರ್ಗಮೊತ್ತಕ್ಕೆ −4 × −2, ಅಂದರೆ 8. 501ಕ್ಕೆ ದೂರ 1, ಸರಾಸರಿ 500.33, ವರ್ಗಮೊತ್ತ 8.67. 499ಕ್ಕೆ ಸರಾಸರಿ ಮತ್ತೆ 500, ವರ್ಗಮೊತ್ತ 10. ಮೊದಲ ನಾಲ್ಕು ಅಂಕಿಗಳ ಕೈಲೆಕ್ಕವೂ 4 + 4 + 1 + 1, ಅಂದರೆ 10. ಮುಂದೆ 17.2, 17.5, 28, ಕೊನೆಗೆ 28. ಏಳರಿಂದ ಭಾಗಿಸಿ ವರ್ಗಮೂಲ ತೆಗೆದರೆ 2.

ಆಮೇಲೆ ಕಠಿಣ ಪರೀಕ್ಷೆ. ಎಂಟೂ ಅಂಕಿಗೆ ತಲಾ 10 ಲಕ್ಷ ಸೇರಿಸಿ 1000502, 1000498 ಎಂದು ಫ್ಲೋಟಿನಲ್ಲೇ ಕೊಟ್ಟೆ. ವರ್ಗಗಳ ಮೊತ್ತದ ಸೂತ್ರಕ್ಕೆ ಇಲ್ಲಿ ಗೀಟು 5,24,288, ಹುಡುಕಬೇಕಾದದ್ದು 28. ವೆಲ್ಫರ್ಡ್ ಕ್ರಮದಲ್ಲಿ ವರ್ಗಮೊತ್ತ 27.94, ಎಸ್‌ಡಿ 2.00. ಆ 0.06 ಹೋದದ್ದು ಎಲ್ಲಿ? ಹತ್ತು ಲಕ್ಷದ ಹತ್ತಿರ ಫ್ಲೋಟ್ ಹಿಡಿಯುವುದು 0.0625ರ ಹೆಜ್ಜೆಗಳಲ್ಲಿ. 1000500.33 ಎಂಬ ಸರಾಸರಿ ಅದಕ್ಕೆ 1000500.3125 ಆಗಿಬಿಡುತ್ತದೆ. ನನ್ನ ಕೆಲಸಕ್ಕೆ ಇಷ್ಟು ಸಾಕೇ ಸಾಕು. ಆದರೂ ಮೊದಲ ರೀಡಿಂಗ್ ಕಳೆಯುವ ಸಾಲನ್ನು ತೆಗೆಯಲಿಲ್ಲ. ಎರಡನ್ನೂ ಸೇರಿಸಿದಾಗ ಈ ಪಟ್ಟಿಗೆ 28.00 ಬರುತ್ತದೆ.

ಹಂತ 8: ಒಂದೇ ಒಂದು ಕೆಟ್ಟ ರೀಡಿಂಗ್

ಲೆಕ್ಕ ಸರಿಹೋದ ಮೇಲೆ ಎಸ್‌ಡಿ 60ರಲ್ಲಿ ಇದ್ದು, ಇದ್ದಕ್ಕಿದ್ದಂತೆ ಸಾವಿರ ದಾಟಿ, ಮತ್ತೆ 60ಕ್ಕೆ ಬರುತ್ತಿತ್ತು. ಈ ಸಲ ತಪ್ಪು ಗಣಿತದಲ್ಲಿ ಇರಲಿಲ್ಲ. ಎಚ್‌ಎಕ್ಸ್711ನ ಕ್ಲಾಕ್ ಪಿನ್ 60 ಮೈಕ್ರೊಸೆಕೆಂಡಿಗಿಂತ ಹೆಚ್ಚು ಹೊತ್ತು ಹೈ ವೋಲ್ಟೇಜಿನಲ್ಲೇ ಇದ್ದರೆ ಚಿಪ್ ಮಲಗಿಬಿಡುತ್ತದೆ. ನಾನೇ ಬರೆದ ಓದುವ ಫಂಕ್ಷನ್ ನಡುವೆ ಇಂಟರಪ್ಟ್ (ಪ್ರೊಸೆಸರನ್ನು ನಡುವೆಯೇ ಬೇರೆ ಕೆಲಸಕ್ಕೆ ಕರೆಯುವ ಸಂಕೇತ) ನುಗ್ಗಿದಾಗ 24 ಬಿಟ್‌ಗಳ ಎಣಿಕೆ ಕೆಟ್ಟು, ಎಲ್ಲೆಲ್ಲಿನದೋ ಅಂಕಿ ಬರುತ್ತಿತ್ತು. ಓದುವಷ್ಟು ಹೊತ್ತು ಇಂಟರಪ್ಟ್ ನಿಲ್ಲಿಸಿದ ಮೇಲೆ ಅದು ಬಹುತೇಕ ಹೋಯಿತು.

ಅದಕ್ಕೂ ಮುಂಚೆ ಇನ್ನೊಂದು ದಾರಿ ಪ್ರಯತ್ನಿಸಿದ್ದೆ: ಹತ್ತು ರೀಡಿಂಗ್ ತೆಗೆ, ಸರಾಸರಿಯಿಂದ 3 ಎಸ್‌ಡಿಗಿಂತ ದೂರ ಇರುವುದನ್ನು ಬಿಸಾಕು. ಎಲ್ಲರೂ ಹೇಳುವ ನಿಯಮ. ಅದು ಒಂದನ್ನೂ ಬಿಸಾಕಲಿಲ್ಲ. ಕಾರಣ ನೋಡಲು ಪರೀಕ್ಷೆಯ ಪಟ್ಟಿಯಲ್ಲಿ ಕೊನೆಯ 500ನ್ನು 540 ಮಾಡಿದೆ. ಸರಾಸರಿ 505ಕ್ಕೆ ಏರಿತು. ವಿಚಲನೆಗಳು −3, −7, −4, −6, −2, −5, −8, 35. ವರ್ಗಗಳ ಮೊತ್ತ 1428, ಅದರಲ್ಲಿ 1225 ಆ ಒಂದು ಅಂಕಿಯದೇ. ಎಸ್‌ಡಿ 2ರಿಂದ 14.28ಕ್ಕೆ ಹಾರಿತು. ಈಗ 540 ಇರುವುದು 35 ÷ 14.28, ಅಂದರೆ 2.45 ಎಸ್‌ಡಿ ದೂರದಲ್ಲಿ. 3 ದಾಟಲೇ ಇಲ್ಲ. 540ರ ಬದಲು 54,000 ಹಾಕಿದರೂ ದಾಟುವುದಿಲ್ಲ! ಕಳ್ಳನೇ ಅಳತೆಗೋಲನ್ನು ಹಿಗ್ಗಿಸುತ್ತಾನೆ. ಎನ್ ರೀಡಿಂಗ್‌ಗಳಲ್ಲಿ ಒಂದು ಅಂಕಿ ಹೋಗಬಹುದಾದ ಗರಿಷ್ಠ ದೂರ, ಎನ್−1ನ್ನು ಎನ್‌ನ ವರ್ಗಮೂಲದಿಂದ ಭಾಗಿಸಿದಷ್ಟು ಎಸ್‌ಡಿ. ಎಂಟಕ್ಕೆ 2.47, ಹತ್ತಕ್ಕೆ 2.85. ಹನ್ನೊಂದು ರೀಡಿಂಗ್ ಆದ ಮೇಲಷ್ಟೇ 3 ದಾಟಲು ಸಾಧ್ಯ. ಹತ್ತು ರೀಡಿಂಗ್‌ಗೆ 3 ಎಸ್‌ಡಿ ನಿಯಮ ಹಾಕಿದ ಕೋಡ್ ಇದ್ದರೆ ಅದು ಇದುವರೆಗೆ ಏನನ್ನೂ ಹಿಡಿದಿಲ್ಲ, ಮುಂದೆಯೂ ಹಿಡಿಯುವುದಿಲ್ಲ.

ಬದಲಿಗೆ ಮಧ್ಯಾಂಕ (ನಟ್ಟನಡುವಿನ ಅಂಕಿ) ಹಾಕಿದೆ. ಪಟ್ಟಿಯನ್ನು ಏರಿಕೆ ಕ್ರಮದಲ್ಲಿ ಇಟ್ಟರೆ ಮಧ್ಯಾಂಕ 500.5. ಅಲ್ಲಿಂದ ಪ್ರತಿ ಅಂಕಿಯ ದೂರ ತೆಗೆದು, ಆ ದೂರಗಳ ಮಧ್ಯಾಂಕ ತೆಗೆದರೆ 2. ಅದನ್ನು 1.4826ರಿಂದ ಗುಣಿಸಿದರೆ ಎಸ್‌ಡಿಯ ಮಟ್ಟಕ್ಕೆ ಬರುತ್ತದೆ: 2.97. 540 ಇರುವುದು 39.5 ದೂರದಲ್ಲಿ, ಅಂದರೆ ಇದರ ಹದಿಮೂರು ಪಟ್ಟು. ಸಿಕ್ಕಿಬಿತ್ತು. ಹತ್ತು ಅಂಕಿಗಳ ಸಣ್ಣ ಅರೇ ಸಾಕು, 40 ಬೈಟ್. ಜರಡಿಯಲ್ಲಿ ಉಳಿದವು ಮಾತ್ರ ವೆಲ್ಫರ್ಡ್‌ಗೆ ಹೋಗುತ್ತವೆ. ಬಿಸಾಕಿದ್ದೆಷ್ಟು ಎಂಬ ಎಣಿಕೆಯನ್ನೂ ಪಕ್ಕದಲ್ಲಿ ತೋರಿಸುತ್ತೇನೆ. ಆ ಎಣಿಕೆ ಏರತೊಡಗಿದರೆ ನೋಡಬೇಕಾದದ್ದು ವೈರನ್ನು.

ಹಂತ 9: ಜಾರುವ ಸರಾಸರಿ

ಬೋರ್ಡಿಗೆ ಈಗಷ್ಟೇ ಕರೆಂಟ್ ಕೊಟ್ಟು ಒಂದು ನಿಮಿಷ, ಸೆಕೆಂಡಿಗೆ 10ರಂತೆ 600 ರೀಡಿಂಗ್ ತೆಗೆದರೆ ಎಸ್‌ಡಿ 130. ಅದೇ ರೀಡಿಂಗ್‌ಗಳನ್ನು ನೂರು ನೂರರ ಕಂತು ಮಾಡಿದರೆ ಪ್ರತಿ ಕಂತಿನ ಎಸ್‌ಡಿ 63. ಕಂತುಗಳ ಸರಾಸರಿ ನೋಡಿದಾಗ ವಿಷಯ ಗೊತ್ತಾಯಿತು. ಸಾಧನ ಬಿಸಿಯಾಗುವಾಗ ಸರಾಸರಿಯೇ ಆ ನಿಮಿಷದಲ್ಲಿ ಸುಮಾರು 400 ಕೌಂಟ್ ಜಾರುತ್ತಿತ್ತು. ಒಂದೇ ವೇಗದಲ್ಲಿ 400 ಜಾರಿದರೆ ಅದರಿಂದಲೇ ಬರುವ ಎಸ್‌ಡಿ 400ನ್ನು 12ರ ವರ್ಗಮೂಲದಿಂದ ಭಾಗಿಸಿದಷ್ಟು, 115. ಅದರ ವರ್ಗಕ್ಕೆ 60ರ ವರ್ಗ ಸೇರಿಸಿ ವರ್ಗಮೂಲ ತೆಗೆದರೆ 130. ಕುಣಿತ ಹೆಚ್ಚಿರಲಿಲ್ಲ. ಎಸ್‌ಡಿಗೆ ಕುಣಿತವೂ ಜಾರಾಟವೂ ಒಂದೇ, ರೀಡಿಂಗ್‌ಗಳ ಕ್ರಮವನ್ನು ಅದು ನೋಡುವುದೇ ಇಲ್ಲ.

ಎರಡನ್ನೂ ಬೇರ್ಪಡಿಸಲು ಇನ್ನೊಂದು ವೆಲ್ಫರ್ಡ್ ಲೆಕ್ಕ ಸೇರಿಸಿದೆ. ಇದಕ್ಕೆ ರೀಡಿಂಗ್ ಬದಲು, ಹಿಂದಿನ ರೀಡಿಂಗ್‌ಗೂ ಈಗಿನದಕ್ಕೂ ಇರುವ ವ್ಯತ್ಯಾಸ ಕೊಡಬೇಕು. ಬಂದ ಎಸ್‌ಡಿಯನ್ನು 1.414ರಿಂದ ಭಾಗಿಸಿದರೆ ಜಾರಾಟ ಕಳೆದ ಕುಣಿತ ಸಿಗುತ್ತದೆ, ಏಕೆಂದರೆ ವ್ಯತ್ಯಾಸದಲ್ಲಿ ಎರಡು ರೀಡಿಂಗ್‌ಗಳ ಕುಣಿತ ಕೂಡಿರುತ್ತದೆ. ಅದು 60 ತೋರಿಸುತ್ತಿದೆ. ಮಾಮೂಲಿ ಎಸ್‌ಡಿ, ವ್ಯತ್ಯಾಸದಿಂದ ತೆಗೆದ ಎಸ್‌ಡಿ, ಎರಡೂ ಹತ್ತಿರ ಇದ್ದರೆ ಸಾಧನ ನೆಲೆ ನಿಂತಿದೆ ಎಂದರ್ಥ. ಮೊದಲನೆಯದು ದೊಡ್ಡದಾಗಿದ್ದರೆ ಇನ್ನೂ ಕಾಯಬೇಕು.

ಈಗ ಬೋರ್ಡಿನಲ್ಲಿ ಒಂದು ಸಾಲಿಗೆ ನಾಲ್ಕು ಅಂಕಿ ಬರುತ್ತವೆ: ಸರಾಸರಿ, ಎಸ್‌ಡಿ, ವ್ಯತ್ಯಾಸದಿಂದ ತೆಗೆದ ಎಸ್‌ಡಿ, ಬಿಸಾಕಿದ ಎಣಿಕೆ. ಕಲ್ಲು ಇಟ್ಟ ಮೇಲಿನ ಮೊದಲ ಅರ್ಧ ಸೆಕೆಂಡಿನ ರೀಡಿಂಗ್‌ಗಳನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಸೆಕೆಂಡಿಗೆ 10ರ ವೇಗದಲ್ಲಿ ಚಿಪ್ ನೆಲೆ ನಿಲ್ಲಲು 400 ಮಿಲಿಸೆಕೆಂಡ್ ಬೇಕು. ಮಾಡ್ಯೂಲಿನ ರೇಟ್ ಪಿನ್‌ಗೆ ಹೈ ವೋಲ್ಟೇಜ್ ಕೊಟ್ಟು ವೇಗವನ್ನು ಸೆಕೆಂಡಿಗೆ 80 ಮಾಡಿ ಇದನ್ನೆಲ್ಲ ಮತ್ತೊಮ್ಮೆ ಅಳೆಯುವುದು ಬಾಕಿ ಇದೆ. ಆ ಪಿನ್ ನನ್ನ ಮಾಡ್ಯೂಲಿನಲ್ಲಿ ನೇರ ಗ್ರೌಂಡಿಗೆ ಬೆಸೆದಿದೆ, ಚಿಪ್ಪಿನ ಕಾಲನ್ನೇ ಎತ್ತಿ ತಂತಿ ಹಾಕಬೇಕು.